ಆಷಾಢದಲ್ಲಿ ಕಲ್ಯಾಣ ಮಂಟಪ ಹಿಡಿದವನು

ನಮ್ಮ ಚಿಕ್ಕಮ್ಮನ ಮಗನಿಗೆ ನಲವತ್ತೆರಡು ವರ್ಷ. ಇನ್ನೂ ನಡೆಯುವುದನ್ನು ಕಲಿಯುತ್ತಿದ್ದಾನೆ! ಗಾಬರಿಯಾಗಬೇಡಿ, ಕೈಕಾಲು ಗಟ್ಟಿಯಾಗಿಯೇ ಇವೆ. ಅವನು ಆಧುನಿಕ ನೃತ್ಯ ಸಂಯೋಜಕ, ನಡಿಗೆಯೇ ಅವನ ಕಸುಬು. ಎಲ್ಲೆಲ್ಲೋ ದೊಡ್ಡ ವೇದಿಕೆಗಳ ಮೇಲೆ ನಡೆದು ಚಪ್ಪಾಳೆ ಗಿಟ್ಟಿಸಿದವನು, ಹೊಸ ನೃತ್ಯ ಕಟ್ಟುವಾಗ ಮಾತ್ರ ಸಾಗರದ ನನ್ನ ಮನೆಗೆ ಬಂದು ಒಕ್ಕರಿಸುತ್ತಾನೆ. ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಗಣಿತ ಕಲಿಸಿ ಸುಸ್ತಾದವಳು ನಾನು. ಅಷ್ಟು ಸಾಲದೆಂದು ದೇವರು ಇವನನ್ನೂ ಕೊಟ್ಟ.

ಅವನ ಕೆಲಸದ ಕ್ರಮ ಕೇಳಿ. ಪೇಟೆಯಲ್ಲಿ ಯಾರದಾದರೂ ನಡಿಗೆ ಮನಸ್ಸಿಗೆ ಹಿಡಿಸಿದರೆ, ಅದೇ ನಡಿಗೆಯಲ್ಲಿ ಅವರ ಬೆನ್ನು ಹತ್ತುತ್ತಾನೆ. ಒಮ್ಮೆ ಮಂಡಿನೋವಿನ ನಿವೃತ್ತ ಅಧಿಕಾರಿಯೊಬ್ಬರ ಹಿಂದೆ ಬಸ್ ಸ್ಟ್ಯಾಂಡಿನಿಂದ ಅವರ ಮನೆ ಗೇಟಿನವರೆಗೂ ಕುಂಟಿಕೊಂಡು ಹೋದ. ಅವರು ತಿರುಗಿ ಕೊಡೆ ಎತ್ತಿದರು! ನಾನು ಏದುಸಿರು ಬಿಡುತ್ತಾ ಓಡಿಹೋಗಿ, "ಸರ್, ಇವನಿಗೂ ಮಂಡಿನೋವು" ಎಂದು ಸುಳ್ಳು ಹೇಳಿದೆ. ಅವರು ಕರಗಿ, ಒಳಗೆ ಕರೆದು, ಒಂದು ಬಾಟಲಿ ತೈಲ ಕೊಟ್ಟು ಕಳಿಸಿದರು. ಅದನ್ನು ಈಗ ಹಚ್ಚಿಕೊಳ್ಳುತ್ತಿರುವವಳು ನಾನು.

ಅವನಿಗೆ ಪ್ರೀತಿ ಹುಟ್ಟುವುದು ಗಂಡಸರ ಮೇಲೆ. ತಾನು ಕ್ವಿಯರ್ ಎಂದು ನನಗೆ ವಿವರಿಸಲು ಮೂರು ಗಂಟೆ ತೆಗೆದುಕೊಂಡ. ಮೂರೇ ನಿಮಿಷದಲ್ಲಿ ನನಗೆ ಅರ್ಥವಾಗಿತ್ತು. ಆದರೆ ತಯಾರಿ ಮಾಡಿಕೊಂಡು ಬಂದ ಭಾಷಣವನ್ನು ಅರ್ಧಕ್ಕೆ ಬಿಡಲು ಅವನು ಸಿದ್ಧನಿರಲಿಲ್ಲ. ಕೊನೆಗೆ ನಾನೇ, "ಒಪ್ಕೊಂಡೆ ಮಾರಾಯ, ಸಾರು ಆರ್ತಾ ಇದೆ, ಏಳು" ಎಂದೆ.

ಹೊಸ ನೃತ್ಯದ ವಸ್ತು ಅವನ ಬಾಲ್ಯ. ಚಿಕ್ಕಂದಿನಲ್ಲಿ ಅವನ ನಡಿಗೆಯಲ್ಲಿ ಒಂದು ಬಳುಕು ಇತ್ತು. ಹೆಣ್ಣಿಗ ಎಂದು ಊರೆಲ್ಲ ನಗುತ್ತಿತ್ತು. ಚಿಕ್ಕಪ್ಪ ತೀರ್ಥಹಳ್ಳಿಯ ಮನೆಯಂಗಳದಲ್ಲಿ ಬೆತ್ತ ಹಿಡಿದು ನಿಂತು, ದಿನವೂ ಅವನನ್ನು ಗಂಡಸಿನ ಹಾಗೆ ನಡೆಸುತ್ತಿದ್ದರು. ಅವರೀಗ ಇಲ್ಲ. ಆ ನಡಿಗೆಯನ್ನೇ ನೃತ್ಯ ಮಾಡಿ ಅಮ್ಮನಿಗೊಮ್ಮೆ ತೋರಿಸಬೇಕು ಎಂಬುದೊಂದೇ ಇವನ ಹಟ. ಚಿಕ್ಕಮ್ಮನೋ, ಅವನ ಒಂದು ಪ್ರದರ್ಶನಕ್ಕೂ ಬಂದವಳಲ್ಲ. ನಾನು ಕರೆದಾಗಲೆಲ್ಲ, "ಜನ ಅವನ್ನ ನೋಡಿ ನಗೋದ್ನ ಬೇಕಾದಷ್ಟು ನೋಡಿದೀನಿ ಕಣೆ. ಇನ್ನು ಟಿಕೆಟ್ ತಗೊಂಡು ಬೇರೆ ನೋಡ್ಬೇಕಾ?" ಎಂದು ಫೋನಿಡುತ್ತಿದ್ದಳು.

ಆಷಾಢದಲ್ಲಿ ಮದುವೆಗಳಿಲ್ಲವಲ್ಲ, ಪ್ರದರ್ಶನಕ್ಕೆ ಸಾಗರದ ಒಂದು ಕಲ್ಯಾಣ ಮಂಟಪ ಖಾಲಿ ಸಿಕ್ಕಿತು. ಮ್ಯಾನೇಜರ್ ಕಂಪ್ಯೂಟರ್ ಮುಂದೆ ಕೂತು ಕೇಳಿದರು.

"ಗಂಡಿನ ಕಡೆಯವ್ರಾ, ಹೆಣ್ಣಿನ ಕಡೆಯವ್ರಾ?"

"ಎರಡೂ ಅಲ್ಲ" ಎಂದ ಇವನು.

"ಎರಡ್ರಲ್ಲಿ ಒಂದು ಹಾಕ್ಲೇಬೇಕು ಸಾರ್. ಇಲ್ದಿದ್ರೆ ಕಂಪ್ಯೂಟರ್ ತಗಳಲ್ಲ."

ಇವನು ಆನಂದದಿಂದ ಕುರ್ಚಿ ಬಿಟ್ಟೆದ್ದ. "ಅಕ್ಕಯ್ಯಾ, ನನ್ನ ಮೂರು ಗಂಟೆ ಭಾಷಣನ ಇವ್ರು ಒಂದೇ ಮಾತಲ್ಲಿ ಹೇಳ್ಬಿಟ್ರು!"

ನನಗೆ ಮನೆಗೆ ಹೋಗಿ ಮಲಗಿದರೆ ಸಾಕಾಗಿತ್ತು. ಗಂಡಿನ ಕಡೆ ಎಂದು ಬರೆಸಿದೆ. ಎಡವಟ್ಟಾಗಿದ್ದೇ ಅಲ್ಲಿ. ಆ ಮ್ಯಾನೇಜರ್ ಹೊಸನಗರದ ನಮ್ಮ ನೆಂಟರಿಗೆ ಪರಿಚಯದವರಂತೆ! ಇವನು ಗಂಡಿನ ಕಡೆಯಿಂದ ಮಂಟಪ ಹಿಡಿದಿದ್ದಾನೆಂಬ ಸುದ್ದಿ ಎರಡೇ ದಿನದಲ್ಲಿ ರಿಪ್ಪನ್‌ಪೇಟೆ ದಾಟಿತು.

ಕಾರ್ಯಕ್ರಮದ ದಿನ ಎರಡು ಜೀಪುಗಳ ತುಂಬ ರೇಷ್ಮೆ ಸೀರೆಗಳು, ಉಡುಗೊರೆ ಪೊಟ್ಟಣಗಳು ಬಂದಿಳಿದವು. ಹಿರಿಯತ್ತೆ ನನ್ನನ್ನು ಕಂಬದ ಮರೆಗೆಳೆದು ಪಿಸುಗುಟ್ಟಿದರು. "ಆಷಾಢದಲ್ಲೇ ಮಾಡೋ ಅರ್ಜೆಂಟು ಎಂತದೇ? ಹುಡುಗಿಗೆ ಎಷ್ಟು ತಿಂಗ್ಳು?"

"ಕೂತ್ಕೊಳಿ ಅತ್ತೆ, ಕಾಫಿ ಬರ್ತದೆ" ಎಂದೆ.

ನೆಂಟರೆಲ್ಲ ಹೊರಟ ಮೇಲೆ ಹುಡುಗನ ತಾಯಿ ಮನೆಯಲ್ಲಿ ಕೂರಲಾದೀತೆ? ಚಿಕ್ಕಮ್ಮನೂ ಬಂದಳು. ಮದುವೆಯಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮುಖ ಗಂಟಿಕ್ಕಿಕೊಂಡು ನನ್ನ ಪಕ್ಕ ಕೂತಳು.

ಸಂಗೀತವಿಲ್ಲ, ದೀಪಾಲಂಕಾರವಿಲ್ಲ. ಬಿಳಿ ಪಂಚೆಯುಟ್ಟು ಅವನು ವೇದಿಕೆಯ ಈ ತುದಿಯಿಂದ ಆ ತುದಿಗೆ ಸೆಟೆದುಕೊಂಡು ನಡೆಯುತ್ತಿದ್ದ.

"ಶುರು ಯಾವಾಗೇ?" ಎಂದರು ಅತ್ತೆ.

"ಶುರುವಾಗಿ ಹತ್ತು ನಿಮಿಷ ಆಯ್ತು."

ನಿಧಾನವಾಗಿ ಆ ಸೆಟೆತ ಸಡಿಲವಾಯಿತು. ಸೊಂಟ ಬಳುಕಿತು. ಒಂದು ಕೈ ತಾನಾಗಿ ಪಂಚೆಯ ಅಂಚನ್ನು ಎತ್ತಿ ಹಿಡಿಯಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಆಮೇಲೆ ನಾಲ್ಕಾರು ಜನ. ಚಿಕ್ಕಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಅದು ನನ್ನ ನಡಿಗೆ ಕಣೆ," ಎಂದಳು. "ಸಣ್ಣಕಿದ್ದಾಗ ನನ್ ಹಿಂದಿಂದೇ ತಿರುಗ್ತಾ ಕಲ್ತಿದ್ದು. ಅವ್ರು ಅವನಿಗೆ ಹೊಡೀವಾಗ ಅಷ್ಟು ಹೇಳ್ಬೋದಿತ್ತು. ಹೆದ್ರಿ ಸುಮ್ನಿದ್ದೆ."

ಹಾಗೆಂದವಳೇ ನನ್ನ ಕೈ ಬಿಟ್ಟು ಎದ್ದು, ಸೀರೆಯ ನೆರಿಗೆ ಎತ್ತಿ ಹಿಡಿದು, ಸಾಲುಗಳ ನಡುವೆ ನಡೆದು ವೇದಿಕೆ ಹತ್ತಿದಳು. ಅದೇ ಬಳುಕು, ಅದೇ ಕೈ. ಇಷ್ಟು ವರ್ಷ ನಾವು ಯಾರೂ ಅದನ್ನು ಗಮನಿಸಿರಲಿಲ್ಲ. ಅವನು ನಿಂತುಬಿಟ್ಟ. ಚಿಕ್ಕಮ್ಮ ಅವನ ಪಕ್ಕ ಹೋಗಿ, ನೆಂಟರ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ನಗೋದಾದ್ರೆ ನನ್ನ ನೋಡಿ ನಗಿ. ಈ ನಡಿಗೆ ಅವನಿಗೆ ಕೊಟ್ಟವಳು ನಾನು."