ಅರಮನೆ ತೆರೆದಿದೆ ಎಂದ ಅಮ್ಮನವರಿಗೆ

ಜನರ ಕೈಫೋನಿನೊಳಗೆ ಹಗಲಿರುಳೂ ನಿದ್ದೆಗೆಟ್ಟು ಕುಳಿತು ದಾರಿ ಹೇಳುವ ಮಾನ್ಯ ಅಮ್ಮನವರೇ,

ಜಾವಾ ದ್ವೀಪದ ಯೋಗ್ಯಕರ್ತದಲ್ಲಿ ಸೈಕಲ್ ರಿಕ್ಷಾ ತುಳಿಯುವ ಪೊನಿರಿನ್ ಎಂಬವನು ಟೊಪ್ಪಿ ತೆಗೆದು, ಬೆವರೊರೆಸಿಕೊಂಡು ಮಾಡುವ ನಮಸ್ಕಾರಗಳು. ತಮ್ಮ ಗಂಟಲು ಕ್ಷೇಮವೆಂದು ನಂಬಿದ್ದೇನೆ. ಪತ್ರ ಬರೆಯುವ ಪಾಠ ಬರುವ ಮೊದಲೇ ನಾನು ಶಾಲೆ ಬಿಟ್ಟವನಾದ್ದರಿಂದ, ಇದರಲ್ಲಿ ದೂರು ಮುಂದೆ ಬಂದು ಮರ್ಯಾದೆ ಹಿಂದೆ ಬಿದ್ದಿದ್ದರೆ ದೊಡ್ಡ ಮನಸ್ಸು ಮಾಡಿ ಮನ್ನಿಸಬೇಕು.

ಊರು ನೋಡಲು ಬಂದವರಿಗೆ ಸಲಹೆ ಕೊಡುವುದು ತಾವು ಮಾತು ಕಲಿಯುವುದಕ್ಕೂ ಮೊದಲಿನಿಂದ ನಮ್ಮ ಕಸುಬು. ರಾಜರ ಹಳೆಯ ಸ್ನಾನದ ಕೊಳಗಳಿಗೆ ಬೆಳಗ್ಗೆಯೇ ಹೋಗಿ, ಮಧ್ಯಾಹ್ನ ಅಂಗಾಲು ಸುಡುತ್ತದೆ, ಬೇಡಿಕೊಂಡದ್ದು ಫಲಿಸಲೆಂದು ಜೋಡಿ ಆಲದ ಮರಗಳ ನಡುವೆ ಕಣ್ಣು ಕಟ್ಟಿಕೊಂಡು ನಡೆಯುವ ಆಸೆಯಿದ್ದರೆ ಊಟಕ್ಕೆ ಮೊದಲೇ ನಡೆಯಿರಿ, ಹೀಗೆ ಒಳ್ಳೆಯ ಸಲಹೆಗಳನ್ನೆಲ್ಲ ಕೊಟ್ಟು, ಕೊನೆಯಲ್ಲಿ ಆ ಇನ್ನೊಂದನ್ನೂ ಸೇರಿಸುತ್ತೇವೆ: "ಅರಮನೆ ಇವತ್ತು ಮುಚ್ಚಿದೆ ಸ್ವಾಮಿ, ಆದ್ರೆ ಬಾಟಿಕ್ ಬಟ್ಟೆ ಪ್ರದರ್ಶನ ಇದೆ, ಇವತ್ತೇ ಕೊನೇ ದಿನ." ಆ ಕೊನೆಯ ದಿನ ನನ್ನ ಮದುವೆಗೂ ಮುಂಚಿನಿಂದ ನಡೆದುಕೊಂಡು ಬರುತ್ತಿದೆ. ಬಟ್ಟೆ ಅಂಗಡಿಯವರು ನಮಗೆ ಚಹಾ ಕೊಡುತ್ತಾರೆ. ಚಹಾದ ಜೊತೆಗೆ ಬರುವುದನ್ನು ಇಲ್ಲಿ ಬರೆಯುವುದಿಲ್ಲ.

ಕಳೆದ ವಾರ ನನ್ನ ಮಗಳು ರುಮಿನಿಯನ್ನು ಸೊಸೆಯಾಗಿ ಕೇಳಲೆಂದು ಸೋಲೊ ಊರಿನಿಂದ ಹರ್ಜೊನೊ ಅವರೂ ಅವರ ಹೆಂಡತಿ ಸುಲಾಸ್ತ್ರಿಯವರೂ ಬಂದರು. ಹಲಸಿನ ಪಲ್ಯ ಬೇಯುವುದರೊಳಗೆ ಇವರಿಗೆ ಊರು ತೋರಿಸಿಕೊಂಡು ಬನ್ನಿ ಎಂದು ನನ್ನ ಹೆಂಡತಿ ಹೇಳಿದಳು. "ಬಾಯಿ ಮಾತ್ರ ಬಿಡಬೇಡಿ. ಹೆದ್ರಿಕೆ ಆದ್ರೆ ನಿಮ್ಮ ರಿಕ್ಷಾಕ್ಕಾದ್ರೂ ಬ್ರೇಕ್ ಬೀಳತ್ತೆ, ಬಾಯಿಗೆ ಬೀಳಲ್ಲ" ಎಂದೂ ಹೇಳಿದಳು.

ನಮ್ಮ ರಿಕ್ಷಾದಲ್ಲಿ ಸವಾರರು ಮುಂದೆ, ತುಳಿಯುವವನು ಹಿಂದೆ. ಹುಡುಗಿ ಒಪ್ಪಿಗೆಯಾದಳೋ ಇಲ್ಲವೋ ಎಂದು ಎರಡು ತಲೆಗಳ ಹಿಂಭಾಗವನ್ನೇ ನೋಡಿ ತಿಳಿಯುವ ವಿದ್ಯೆ ನನಗಿಲ್ಲ. ಅಷ್ಟರಲ್ಲಿ ಹರ್ಜೊನೊ ಅವರು, "ಅರಮನೆ ಕಡೆ ಹೋಗೋಣ್ವಾ ಬೀಗ್ರೇ?" ಎಂದರು. ಬೀಗರೇ! ಆ ಒಂದು ಶಬ್ದ ಕಿವಿಗೆ ಬಿದ್ದದ್ದೇ ತಡ, ಸಂತೋಷಕ್ಕೋ ಗಾಬರಿಗೋ ನನ್ನ ನಾಲಿಗೆ ತನಗೆ ಅಭ್ಯಾಸವಾದ ಓಣಿಗೇ ನುಗ್ಗಿತು: "ಅರಮನೆ ಇವತ್ತು ಮುಚ್ಚಿದೆ ಸ್ವಾಮಿ, ಆದ್ರೆ ಬಾಟಿಕ್ ಬಟ್ಟೆ ಪ್ರದರ್ಶನ..."

ಆಗ ತಾವು, ಅಮ್ಮನವರೇ, ಹರ್ಜೊನೊ ಅವರ ಅಂಗೈ ಮೇಲಿಂದ ಊರಿಗೆಲ್ಲ ಕೇಳುವಂತೆ ಅಪ್ಪಣೆ ಕೊಡಿಸಿದಿರಿ: "ಅರಮನೆ ಈಗ ತೆರೆದಿದೆ. ಎಡಕ್ಕೆ ತಿರುಗಿ."

ಎಡಕ್ಕೆ ಎಂದದ್ದರ ಬಗ್ಗೆಯೂ ಒಂದು ಸಣ್ಣ ದೂರಿದೆ. ನಮ್ಮಲ್ಲಿ ಊಟಕ್ಕೆ ಕುಳಿತ ಮಗು ಕೂಡ ಉಪ್ಪು ಉತ್ತರಕ್ಕಿದೆ, ಮೆಣಸಿನಕಾಯಿ ದಕ್ಷಿಣಕ್ಕಿದೆ ಎನ್ನುತ್ತದೆಯೇ ಹೊರತು ಎಡ ಬಲ ಎನ್ನುವುದಿಲ್ಲ. ಆದರೆ ಅದು ಹಾಗಿರಲಿ. ತಮ್ಮ ಸತ್ಯಸಂಧತೆಯನ್ನು ಹೊಗಳಲು ನನ್ನಲ್ಲಿ ಮಾತಿಲ್ಲ; ಮದುವೆಗೆ ಬಂದ ಮಗಳಿಲ್ಲದವರಿಗೆ ಅಷ್ಟು ಸತ್ಯ ಸಲೀಸು.

ಬೀಗರು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವರು ನಮ್ಮವರು, ಎದುರಿನವನ ಮುಖ ಕೆಡಿಸುವುದಕ್ಕಿಂತ ತಮ್ಮ ಕಣ್ಣು ಕೆಡಿಸಿಕೊಳ್ಳುವ ಜನ. ಸುಲಾಸ್ತ್ರಿಯವರು, "ಅಯ್ಯೋ, ಮುಚ್ಚಿದ್ರೆ ಮುಚ್ಚಿರ್ಲಿ ಬಿಡಿ, ಬಟ್ಟೆನೇ ನೋಡೋಣ" ಎಂದರು. ಹರ್ಜೊನೊ ಅವರು ಫೋನಿನ ಸಮೇತ ತಮ್ಮನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. ಹಾರು ಹೊಡೆದ ಹೆಬ್ಬಾಗಿಲ ಮುಂದೆಯೇ ಹಾದುಹೋದೆವು. ಶಾಲಾಮಕ್ಕಳು ಸಾಲುಗಟ್ಟಿ ಒಳಗೆ ಹೋಗುತ್ತಿದ್ದರು. ನಾವು ಮೂವರೂ ಎದುರು ಬದಿಯ ಟೈರ್ ಅಂಗಡಿಯನ್ನು ಬಹಳ ಆಸಕ್ತಿಯಿಂದ ನೋಡಿದೆವು. ತಾವು ಮಾತ್ರ ಅವರ ಎದೆಯೊಳಗಿಂದ, "ಹಿಂದಕ್ಕೆ ತಿರುಗಿ, ಹಿಂದಕ್ಕೆ ತಿರುಗಿ" ಎನ್ನುತ್ತಲೇ ಇದ್ದಿರಿ. ನನ್ನ ಅಂತರಾತ್ಮ ಕೂಡ ಈ ವಯಸ್ಸಿನವರೆಗೆ ಇಷ್ಟು ಹಟ ಮಾಡಿದ್ದಿಲ್ಲ.

ಅಂಗಡಿಯ ಒಡತಿ ಮುರ್ದಿಯಾ ನನ್ನನ್ನು ಕಂಡದ್ದೇ, "ಏನ್ ಪೊನಿರಿನ್ನಣ್ಣ, ಇವತ್ತೂ ಅರಮನೆ ಮುಚ್ಚಿಸಿಬಿಟ್ಟೆಯಾ?" ಎಂದು ನಕ್ಕು ಚಹಾ ತಂದಿಟ್ಟಳು. ಬೀಗರು ಅದನ್ನೂ ಕೇಳಿಸಿಕೊಳ್ಳಲಿಲ್ಲ. ಮನೆಗೆ ಬಂದು ಊಟ ಮಾಡಿದರು, ಪಲ್ಯವನ್ನು ಹೊಗಳಿದರು, ಹುಡುಗಿಯ ಬಗ್ಗೆ ಹೌದು ಅಲ್ಲ ಎನ್ನದೆ ರೈಲು ಹತ್ತಿದರು. ಆಮೇಲೆ ನಮ್ಮ ಮನೆಯಲ್ಲಿ ರುಮಿನಿ ನನ್ನೊಡನೆ ಮಾತು ಬಿಟ್ಟಳು. ಸುಪಾರ್ತಿ, ನನ್ನ ಹೆಂಡತಿ, ಬಿಡಲಿಲ್ಲ.

ನಿನ್ನೆ ಹರ್ಜೊನೊ ಅವರಿಂದ ಮಾತು ಬಂತು: ನಿಶ್ಚಯ ಮಾಡಲು ನೆಂಟರ ಸಮೇತ ಬರುತ್ತೇವೆ, "ಅರಮನೆ ತೆರೆದಿರೋ ದಿನ ಯಾವ್ದು ಅಂತ ಬೀಗ್ರೇ ಹೇಳ್ಲಿ. ಅವ್ರ ಬಾಯಿಂದ್ಲೇ ಕೇಳ್ಬೇಕು ಅಂತ ನಮ್ಮನೆಯವ್ಳ ಆಸೆ." ಇದು ಕ್ಷಮೆಯೋ ಪರೀಕ್ಷೆಯೋ ತಿಳಿಯಲಿಲ್ಲ. ಕೊನೆಗೆ ನಾನು, ನಾನೇ, ಪಕ್ಕದ ಮನೆಯವರ ಫೋನು ಕಡ ತಂದು ತಮ್ಮನ್ನೇ ಕೇಳಿದೆ. ಬುಧವಾರ ತೆರೆದಿರುತ್ತದೆ ಎಂದಿರಿ. ಬುಧವಾರ ಬನ್ನಿ ಎಂದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ: ಆ ದಿನ ತಾವು ಜೇಬಿನಲ್ಲಿ ಮೌನವ್ರತದಲ್ಲಿರಬೇಕು, ಹಿರಿಯರು ಸುಳ್ಳು ಹೇಳುವಾಗ ಕೆಮ್ಮುವುದನ್ನಾದರೂ ಕಲಿಯಬೇಕು, ಮತ್ತು ಮದುವೆಗೆ ತಪ್ಪದೆ ಬಂದು ಉತ್ತರ ದಿಕ್ಕಿನ ಕುರ್ಚಿಯಲ್ಲಿ ಕೂರಬೇಕು.

ತಮ್ಮ ಮಾತನ್ನೇ ನಂಬಿ ಪೆಡಲ್ ಮೇಲೆ ಕಾಲಿಟ್ಟಿರುವ ವಿಶ್ವಾಸಿ,
ಪೊನಿರಿನ್

ಸಹಿ ಹಾಕಿದ ಮೇಲೆ: ಮನಸ್ಸು ತಡೆಯದೆ ಅರಮನೆಯ ಬಾಗಿಲಿಗೆ ಹೋಗಿ ಕೇಳಿಕೊಂಡು ಬಂದೆ. "ಬುಧವಾರ ಒಳಗೆ ಶಾಸ್ತ್ರ ಇದೆ ಕಣೋ, ಬಾಗಿಲು ತೆಗೆಯಲ್ಲ" ಎಂದ ಕಾವಲಿನ ಮುದುಕ. "ನಿಜವಾಗ್ಲೂ ಮುಚ್ಚಿರತ್ತಾ?" ಎಂದೆ. "ನೀನು ಹೇಳಿ ಹೇಳಿ, ಈಗ ನಿನಗೇ ನಂಬಿಕೆ ಹೋಯ್ತಾ?" ಎಂದು ಹಲ್ಲಿಲ್ಲದ ಬಾಯಿ ತುಂಬ ನಕ್ಕ. ಇದನ್ನು ಬೀಗರಿಗೆ ನಾನು ಹೇಳಲಾರೆ. ಹೇಳಿದರೆ ಅವರು ಅದೇ ಹಳೆಯ ಸುಳ್ಳೆಂದುಕೊಂಡು, ನಗುನಗುತ್ತಾ, ಬಟ್ಟೆ ಕೊಳ್ಳಲು ಹೊರಟು ಬಂದುಬಿಡುತ್ತಾರೆ. ಆದ್ದರಿಂದ ತಾವೇ ಅವರ ಜೇಬಿನೊಳಗಿಂದ, ಅವತ್ತಿನಷ್ಟೇ ಗಟ್ಟಿಯಾಗಿ, ಅರಮನೆ ಮುಚ್ಚಿದೆ ಎಂದು ನನ್ನ ಪರವಾಗಿ ಒಂದು ಸಲ ಹೇಳಿಬಿಡಿ. ಅಷ್ಟಕ್ಕೇ ನಿಲ್ಲಿಸಿ. ಪ್ರದರ್ಶನದ ಮಾತು ಎತ್ತಬೇಡಿ. ಅದು ಒಮ್ಮೆ ನಾಲಿಗೆಗೆ ಹತ್ತಿದರೆ ಬಿಡುವುದಿಲ್ಲ.