ಕಾರು ನಿಲ್ಲುವ ಟೈಲ್ಸು

ಮನೆ ರಿಪೇರಿ ಆಗುವ ಜಾಗದಲ್ಲಿ ಮುದುಕಿಯರಿಗೆ ಇರುವುದು ಒಂದೇ ಕೆಲಸ, ಸಿಮೆಂಟಿನ ಚೀಲದ ಮೇಲೆ ಕೂತು ಕೆಮ್ಮುವುದು. ಆ ಕೆಲಸವನ್ನು ನಾನು ಒಂದೂವರೆ ತಿಂಗಳು ಚೆನ್ನಾಗಿಯೇ ಮಾಡಿದೆ. ಮೊದಲ ದಿನ ನಾಲ್ಕು ಚೀಲ ಒಂದರ ಮೇಲೊಂದು ಇದ್ದವು, ನಾನು ಮಹಾರಾಣಿಯ ಹಾಗೆ ಮೇಲೆ ಕೂತಿದ್ದೆ. ಮೇಸ್ತ್ರಿ ಒಂದೊಂದೇ ಚೀಲ ಒಡೆಯುತ್ತ ಹೋದ ಹಾಗೆ ನಾನೂ ಕೆಳಗಿಳಿಯುತ್ತ ಹೋದೆ. ನಾನು ನೆಲಕ್ಕೆ ಬಂದಾಗ ಮನೆಯ ಕೆಲಸ ಮುಗಿಯಿತು.

ಮನೆ ಅಂದರೆ ಮಣ್ಣಗುಡ್ಡದಲ್ಲಿ ಮೂರನೇ ಮಾಳಿಗೆಯ ಫ್ಲಾಟು. ಹೊಸದಲ್ಲ. ಮೊದಲಿದ್ದವರು ಇಪ್ಪತ್ತು ವರ್ಷ ಒಗ್ಗರಣೆ ಹಾಕಿ ಹಾಕಿ ಅಡುಗೆಮನೆಯ ಗೋಡೆಯನ್ನು ಹಪ್ಪಳದ ಬಣ್ಣಕ್ಕೆ ತಂದಿಟ್ಟಿದ್ದರು. ಕೊಂಡುಕೊಂಡವಳು ನನ್ನ ಮಗಳು ಪ್ರಮೀಳಾ. ಬಲ್ಮಠದ ಕಡೆ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಮದುವೆಯಾಗಿಲ್ಲ, ಆಗದ್ದರಿಂದ ಅವಳಿಗೆ ಏನೂ ಕಡಿಮೆಯಾದ ಹಾಗೆ ನನಗೆ ಕಾಣುವುದಿಲ್ಲ. ಇಷ್ಟು ವರ್ಷ ನಾವು ಕಾಟಿಪಳ್ಳದ ಬಾಡಿಗೆ ಮನೆಯಲ್ಲಿದ್ದೆವು. ಅಲ್ಲಿ ನನ್ನ ಗಂಡನ ಸಣ್ಣ ಹೋಟೆಲಿತ್ತು. ಅವರು ಗಲ್ಲಾದಲ್ಲಿ ಕೂತು ನಗುತ್ತಿದ್ದರು, ನಾನು ಹಿಂದೆ ಗೋಳಿಬಜೆ ಕರಿಯುತ್ತಿದ್ದೆ. ಹೋಟೆಲಿಗೆ ಒಳ್ಳೆಯ ಹೆಸರಿತ್ತು. ಹೆಸರು ಅವರದು, ಬಜೆ ನನ್ನದು.

ಹೊಸ ಮನೆಗೆ ಹೋಗುವ ಮೊದಲು ಅಡುಗೆಮನೆ, ಬಚ್ಚಲುಮನೆ ಎರಡನ್ನೂ ಒಡೆದು ಕಟ್ಟಿಸಬೇಕೆಂದು ಮಗಳು ಹೇಳಿದಳು. ಅಲ್ಲೇ ನಮ್ಮಿಬ್ಬರ ಒಪ್ಪಂದವಾಯಿತು. ಅಡುಗೆಮನೆ ಅವಳಿಗೆ ಬೇಕಾದ ಹಾಗೆ. ಅದಕ್ಕೆ ನಾನು ಬಾಯಿ ಹಾಕುವುದಿಲ್ಲ. ಹಿಂದಿನ ಬಾಲ್ಕನಿಯಲ್ಲಿ ಕೂತು ಮೀನು ತೊಳೆಯಲಿಕ್ಕೆ ನೆಲದ ಹತ್ತಿರ ನನಗೊಂದು ನಲ್ಲಿ ಇಟ್ಟರೆ ಸಾಕು. ಆದರೆ ಬಚ್ಚಲುಮನೆಯ ನೆಲ ನಾನು ಹೇಳಿದ್ದು. ಅದಕ್ಕೆ ಅವಳು ಬಾಯಿ ಹಾಕಬಾರದು.

ನಾನು ಮಾತಿಗೆ ತಪ್ಪಲಿಲ್ಲ. ಅಡುಗೆಮನೆಗೆ ಹಿಡಿಯೇ ಇಲ್ಲದ ಕಪಾಟು ಬಂದಾಗಲೂ ಸುಮ್ಮನಿದ್ದೆ. ಒತ್ತಿದರೆ ತೆರೆಯುವ ಕಪಾಟು ಅದು. ಕೈಯಿಂದಲೇ ಒತ್ತಬೇಕೆಂದು ಅದಕ್ಕೇನೂ ಇಲ್ಲ, ಸೊಂಟ ತಾಗಿದರೂ ತೆರೆಯುತ್ತದೆ. ನಾನು ಒಲೆಯಿಂದ ಸಿಂಕಿನವರೆಗೆ ಹೋಗಿ ತಿರುಗಿ ನೋಡಿದರೆ ನನ್ನ ಹಿಂದೆ ನಾಲ್ಕು ಬಾಗಿಲು ಬಾಯಿ ಬಿಟ್ಟುಕೊಂಡಿರುತ್ತವೆ.

ಒಂದು ವಿಷಯದಲ್ಲಿ ಮಾತ್ರ ಜಗಳವಾಯಿತು. ಬಚ್ಚಲಿನ ಗೋಡೆಗೆ ಹಿಡಿದುಕೊಳ್ಳಲಿಕ್ಕೆ ಸ್ಟೀಲಿನ ರಾಡ್ ಹಾಕಿಸುತ್ತೇನೆಂದಳು. ಅದು ಆಸ್ಪತ್ರೆಯಲ್ಲಿರುವಂಥದ್ದು. ರಾಡ್ ಹಾಕಿಸುವುದಾದರೆ ಜೊತೆಗೆ ಒಂದು ಮಂಚ, ಗ್ಲೂಕೋಸಿನ ಬಾಟಲಿ, ಬೈಯಲಿಕ್ಕೆ ಒಬ್ಬ ನರ್ಸನ್ನೂ ತರಿಸು ಎಂದೆ. ನೆಲ ಸರಿ ಇದ್ದರೆ ರಾಡ್ ಯಾಕೆ? ಮೇಸ್ತ್ರಿ ಎರಡೂ ಕಡೆಗೆ ತಲೆಯಾಡಿಸಿದ. ಕೂಲಿ ಕೊಡುವವಳು ಒಬ್ಬಳು, ಚಾ ಮಾಡಿ ಕೊಡುವವಳು ಒಬ್ಬಳು ಆದಾಗ ಗಂಡಸರು ಹಾಗೆಯೇ ತಲೆಯಾಡಿಸುವುದು.

ನೆಲದ ವಿಷಯದಲ್ಲಿ ನನಗೆ ಯಾಕೆ ಅಷ್ಟು ಹಟ ಎಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಅಥವಾ ಗೊತ್ತುಂಟೆಂದು ತಿಳಿದುಕೊಂಡಿದ್ದರು. ಎಂಟು ವರ್ಷದ ಹಿಂದೆ ನನ್ನ ಗಂಡ ಕಾಟಿಪಳ್ಳದ ಮನೆಯ ಬಚ್ಚಲಿನಲ್ಲಿ ಜಾರಿ ಬಿದ್ದರು. ಮನೆ ಬಾಡಿಗೆಗೆ ಕೊಟ್ಟವರು ಆಗಷ್ಟೇ ನೀಲಿ ಬಣ್ಣದ ನುಣುಪು ಟೈಲ್ಸು ಹಾಕಿಸಿದ್ದರು. ಇವರ ಸೊಂಟದ ಎಲುಬು ಮುರಿಯಿತು, ಮೂರು ತಿಂಗಳು ಮಲಗಿದರು, ಹೋದರು. ಹದಿಮೂರನೇ ದಿನದ ಬೊಜ್ಜದ ಊಟಕ್ಕೆ ಬಂದವರೆಲ್ಲ ಆ ಟೈಲ್ಸಿಗೆ ಬೈದರು. ಪಾಯಸ ಎರಡನೇ ಸಲ ಬಡಿಸುವಾಗಲೂ ಬೈಯುತ್ತಿದ್ದರು. ನಾನೂ ಬೈದೆ.

ಹೀಗೆ ಟೈಲ್ಸಿನ ಅಂಗಡಿಗೆ ಹೋದೆವು. ಅಲ್ಲಿ ಟೈ ಕಟ್ಟಿದ ಒಬ್ಬರು ನಮ್ಮನ್ನು ಕೂರಿಸಿ ಜ್ಯೂಸ್ ಕೊಟ್ಟು ಬಚ್ಚಲಿಗೆಂದೇ ಮಾಡಿದ ಜಾರದ ಟೈಲ್ಸು ತೋರಿಸಿದರು. ಬಾಟಲಿಯಿಂದ ಅದರ ಮೇಲೆ ನೀರು ಹೊಯ್ದು ಕೈಯಿಂದ ಒರಸಿ, ನೋಡಿ ಅಮ್ಮ, ಜಾರುವ ಪ್ರಶ್ನೆಯೇ ಇಲ್ಲ ಎಂದರು. ನಾನು ಚೀಲದಿಂದ ಕೆಮ್ಮಿನ ಔಷಧದ ಹಳೆಯ ಶೀಶೆ ತೆಗೆದೆ. ಅದರಲ್ಲಿದ್ದದ್ದು ತೆಂಗಿನೆಣ್ಣೆ. ನೀರಿನ ಮೇಲೆ ಎರಡು ಚಮಚದಷ್ಟು ಬಿಟ್ಟು, ಟೈಲ್ಸನ್ನು ನೆಲದಲ್ಲಿಡಿಸಿ, ಬೂಟು ಬಿಚ್ಚಿ ಇದರ ಮೇಲೆ ನಿಲ್ಲಿ ಎಂದೆ.

ಅವರು ಮಗಳ ಮುಖ ನೋಡಿದರು. ಮಗಳು ಗೋಡೆಯಲ್ಲಿದ್ದ ಕಮೋಡುಗಳನ್ನು ನೋಡುತ್ತಿದ್ದಳು.

ಪಾಪ, ಒಳ್ಳೆಯ ಮನುಷ್ಯ. ಬೂಟು, ಕಾಲುಚೀಲ ಬಿಚ್ಚಿ ನಿಂತರು. ಮೊದಲನೆಯದರಲ್ಲಿ ಒಂದು ಕಾಲು ಮುಂದೆ ಹೋಗಿ ವಾಶ್‌ಬೇಸಿನ್ನನ್ನು ತಬ್ಬಿಕೊಂಡರು. ಎರಡನೆಯದರಲ್ಲಿ ಮೊದಲೇ ತಬ್ಬಿಕೊಂಡು ನಿಂತರು. ಮೂರನೆಯದಕ್ಕೆ ಎಣ್ಣೆ ಬೀಳುವಾಗ, ಎಣ್ಣೆ ಹಾಕಿ ಯಾರೂ ನೋಡುವುದಿಲ್ಲ ಅಮ್ಮ, ಕಂಪನಿಯವರು ನೀರಿಗೆ ಮಾತ್ರ ಗ್ಯಾರಂಟಿ ಕೊಡುವುದು ಎಂದರು. ಕಂಪನಿಯವರು ತಲೆಗೆ ಎಣ್ಣೆ ಹಚ್ಚಿ ಸ್ನಾನ ಮಾಡುವುದಿಲ್ಲವಾ ಎಂದು ಕೇಳಿದೆ. ಅದು ಅವರಿಗೆ ಗೊತ್ತಿರಲಿಲ್ಲ.

ಬಾಗಿಲ ಹತ್ತಿರ ಮೂಲೆಯಲ್ಲಿ ಬೂದಿ ಬಣ್ಣದ, ಗೀರುಗೀರಿನ, ದಪ್ಪದ ಒಂದು ಟೈಲ್ಸು ಒರಗಿಸಿಟ್ಟಿದ್ದರು. ಅದನ್ನು ತರಿಸಿದೆ. ಉಳಿದ ಎಣ್ಣೆಯನ್ನೆಲ್ಲ ಹೊಯ್ದೆ. ಆ ಮನುಷ್ಯ ಅದರ ಮೇಲೆ ನಿಂತರು, ಒಂದು ಕಾಲಿನಲ್ಲಿ ನಿಂತರು, ಕುಣಿದು ಕೂಡ ತೋರಿಸಿದರು. ಇಳಿದ ಮೇಲೆ ಮೆಲ್ಲಗೆ ಹೇಳಿದರು.

"ಅಮ್ಮ, ಇದು ಪಾರ್ಕಿಂಗಿಗೆ ಹಾಕುವುದು. ಕಾರು ನಿಲ್ಲುವ ಜಾಗಕ್ಕೆ."

"ಕಾರು ನಿಲ್ಲುತ್ತದಾದರೆ ನಾನೂ ನಿಲ್ಲುತ್ತೇನೆ," ಎಂದೆ.

ಮಗಳು ದಾರಿಯುದ್ದಕ್ಕೂ ಹೊರಗೆ ನೋಡುತ್ತ ಕೂತಳು. ನಾಚಿಕೆಯಾಗಿರಬೇಕೆಂದುಕೊಂಡೆ. ಫ್ಲಾಟಿಗೆ ಬಂದೆವು. ಮೇಸ್ತ್ರಿ ಊಟಕ್ಕೆ ಹೋಗಿದ್ದ. ಆಗ ಎರಡು ಚೀಲ ಉಳಿದಿದ್ದವು. ನಾನು ಒಂದರ ಮೇಲೆ ಕೂತೆ, ಅವಳು ಇನ್ನೊಂದರ ಮೇಲೆ ಕೂತಳು. ಸೀರೆ ಹಾಳಾಗುತ್ತದೆಂದರೂ ಕೇಳಲಿಲ್ಲ.

"ಅಪ್ಪ ನೀರಿನಲ್ಲಿ ಜಾರಿದ್ದು ಅಂತ ನೀನು ಹೇಳಿದ್ದು," ಎಂದಳು. "ಎಣ್ಣೆ ಯಾಕೆ ತಂದದ್ದು?"

ನನಗೆ ಸುತ್ತಿ ಬಳಸಿ ಹೇಳಲಿಕ್ಕೆ ಬರುವುದಿಲ್ಲ. ಎಂಟು ವರ್ಷ ಹೇಳದೆ ಇರಲಿಕ್ಕೆ ಮಾತ್ರ ಬಂತು. ಅವತ್ತು ಆದಿತ್ಯವಾರ. ವಾರಕ್ಕೊಮ್ಮೆ ಅವರನ್ನು ಬಚ್ಚಲಿನಲ್ಲಿ ಮಣೆಯ ಮೇಲೆ ಕೂರಿಸಿ ತಲೆಗೆ, ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದೆ. ಅವರು ಅಲ್ಲೇ ಅರ್ಧ ಗಂಟೆ ಕಣ್ಣು ಮುಚ್ಚಿಕೊಂಡು ಕೂರುವರು. ಅಷ್ಟರಲ್ಲಿ ನಾನು ನೆಲಕ್ಕೆ ಇಳಿದ ಎಣ್ಣೆಗೆ ಸೋಪಿನ ಪುಡಿ ಹಾಕಿ, ತೆಂಗಿನ ನಾರಿನಲ್ಲಿ ಉಜ್ಜಿ ತೊಳೆಯುತ್ತಿದ್ದೆ. ತಪ್ಪಿಸಿದ್ದೇ ಇಲ್ಲ. ಅವತ್ತು ಎಣ್ಣೆ ತಿಕ್ಕಿ ಏಳುವಾಗ ಹೊರಗೆ ಮೀನಿನವಳು ಕೂಗಿದಳು. ಬುಟ್ಟಿಯಲ್ಲಿ ಒಳ್ಳೆಯ ಬಂಗುಡೆ ಇತ್ತು. ಕಿವಿರು ಎತ್ತಿ ಎತ್ತಿ ನೋಡಿ ಎಂಟು ಬಂಗುಡೆ ಆರಿಸಿದೆ, ಇನ್ನೊಂದು ಹಾಕು ಎಂದು ಜಗಳ ಮಾಡಿದೆ. ಒಳಗೆ ಅವರು ಕಾದು ಸಾಕಾಗಿ ಎದ್ದರು. ನಾನು ಒಂಬತ್ತನೇ ಬಂಗುಡೆ ಗೆದ್ದು ಬರುವಾಗ ಅವರು ನೆಲದಲ್ಲಿದ್ದರು.

"ಟೈಲ್ಸಿನ ತಪ್ಪಲ್ಲ," ಎಂದೆ. "ನಾನು ಉಜ್ಜಲಿಲ್ಲ."

ಮಗಳು ಸೀರೆಯ ಸಿಮೆಂಟು ಕೊಡವಿದಳು. ಅದು ಹೋಗಲಿಲ್ಲ.

"ನನಗೆ ಗೊತ್ತುಂಟು," ಎಂದಳು. "ನೀವೆಲ್ಲ ಆಸ್ಪತ್ರೆಗೆ ಹೋದ ಮೇಲೆ ಬಚ್ಚಲು ತೊಳೆದದ್ದು ನಾನಲ್ಲವಾ ಅಮ್ಮ. ನನ್ನ ಕಾಲೂ ಜಾರಿತ್ತು."

ನಾನು ಅವಳನ್ನೇ ನೋಡಿದೆ. ಎಂಟು ವರ್ಷ ಒಂದೇ ಮನೆಯಲ್ಲಿ, ಒಂದೇ ಒಲೆಯಲ್ಲಿ ಬೇಯಿಸಿ ತಿಂದವರು ನಾವು. ನನ್ನ ಬಾಯಿ ದೊಡ್ಡದೆಂದು ಊರಿಗೆಲ್ಲ ಗೊತ್ತು. ಇವಳು ಬಾಯಿ ಮುಚ್ಚಿ ಇಟ್ಟುಕೊಂಡದ್ದು ನನಗೇ ಗೊತ್ತಿರಲಿಲ್ಲ. ಮತ್ತೆ ಯಾಕೆ ಒಂದು ಮಾತು ಹೇಳಲಿಲ್ಲ ಎಂದು ಕೇಳಿದೆ.

"ಹೇಳಿ ಎಂತ ಮಾಡುವುದು? ಜನ ಟೈಲ್ಸಿಗೆ ಬೈತಾ ಇದ್ದರು. ಟೈಲ್ಸಿಗೆ ಬೇಸರ ಇಲ್ಲ."

ಕಣ್ಣೀರು ಬಂದಿತೆಂದು ಬರೆದರೆ ಓದುವವರಿಗೆ ಸಮಾಧಾನವಾಗಬಹುದು. ಬರಲಿಲ್ಲ. ಸಿಮೆಂಟಿನ ಧೂಳಿಗೆ ಕೆಮ್ಮು ಬಂತು, ಕೆಮ್ಮಿದೆ. ಅವಳು ಬೆನ್ನು ತಟ್ಟಿದಳು, ಕೆಮ್ಮು ನಿಂತ ಮೇಲೂ ಸ್ವಲ್ಪ ಹೊತ್ತು ತಟ್ಟಿದಳು. ಮೇಸ್ತ್ರಿ ಊಟ ಮುಗಿಸಿ ಬಂದಾಗ, ಆ ರಾಡ್ ಬೇಕಾದರೆ ಹಾಕು ಮಾರಾಯ, ನನಗಲ್ಲ, ಟವೆಲಿಗೆ ಎಂದೆ. ಅವನು ಈ ಸಲ ಒಂದೇ ಕಡೆಗೆ ತಲೆಯಾಡಿಸಿದ.

ಈಗ ಫ್ಲಾಟಿಗೆ ಬಂದು ಐದು ತಿಂಗಳಾಯಿತು. ಬಂದವರಿಗೆ ಮಗಳು ಅಡುಗೆಮನೆ ತೋರಿಸುತ್ತಾಳೆ, ನಾನು ಬಚ್ಚಲುಮನೆ ತೋರಿಸುತ್ತೇನೆ. ಕೆಳಗಿನ ಮಾಳಿಗೆಯವರೊಬ್ಬರು ನೋಡಿ, ಸ್ಕೂಟರನ್ನು ಮೇಲೆ ತರುತ್ತೀರಾ ಎಂದು ಕೇಳಿದರು. ಕೇಳಲಿ. ಅದರ ಮೇಲೆ ಯಾರೂ ಜಾರಲಿಲ್ಲ, ಜಾರುವುದೂ ಇಲ್ಲ. ಆದರೆ ಅಂಗಡಿಯವರು ಹೇಳದೆ ಬಿಟ್ಟ ಒಂದು ಸಂಗತಿ ಉಂಟು. ಆ ಗೀರುಗಳಿಗೆ ಸೋಪು, ಎಣ್ಣೆ, ಕೂದಲು ಏನು ಸಿಕ್ಕಿದರೂ ಅವು ಬಿಡುವುದಿಲ್ಲ. ಒಂದು ದಿನ ತೊಳೆಯದಿದ್ದರೆ ಮರುದಿನ ಕಪ್ಪು. ಕೆಲಸದವಳು ಎರಡು ದಿನ ಉಜ್ಜಿ, ಕಾರು ನಿಲ್ಲಿಸುವ ಜಾಗ ತೊಳೆಯುವ ಕೆಲಸಕ್ಕೆ ತಾನು ಬಂದವಳಲ್ಲ ಎಂದು ಮಗಳಿಗೆ ಹೇಳಿದಳು. ಮಗಳು ನನ್ನನ್ನು ನೋಡಿದಳು. ಒಪ್ಪಂದದ ಪ್ರಕಾರ ಅವಳು ಬಾಯಿ ಹಾಕುವ ಹಾಗಿರಲಿಲ್ಲ, ಹಾಕಲೂ ಇಲ್ಲ.

ಹಾಗಾಗಿ ಬೆಳಿಗ್ಗೆ ಅವಳು ಕಾಲೇಜಿಗೆ ಹೋದ ಮೇಲೆ ನಾನು ಬಚ್ಚಲಿನ ನೆಲದಲ್ಲಿ ಕೂತು, ಸೋಪಿನ ಪುಡಿ ಹಾಕಿ, ತೆಂಗಿನ ನಾರಿನಲ್ಲಿ ಒಂದೊಂದೇ ಗೀರು ಉಜ್ಜುತ್ತೇನೆ. ಅರ್ಧ ಗಂಟೆ ಬೇಕು. ಮೊನ್ನೆ ಅದೇ ಹೊತ್ತಿಗೆ ಕೆಳಗೆ ಮೀನಿನ ರಿಕ್ಷಾದವನು ಬಂದು ಹಾರ್ನ್ ಹೊಡೆದ, ಬಂಗುಡೆ ಎಂದು ಕೂಗಿದ. ನಾನು ಏಳಲಿಲ್ಲ. ಉಜ್ಜಿ, ನೀರು ಹೊಯ್ದು, ಟವೆಲಿನ ರಾಡ್ ಹಿಡಿದು ಎದ್ದು ಬಾಲ್ಕನಿಗೆ ಹೋಗುವಾಗ ರಿಕ್ಷಾ ಹೋಗಿಯಾಗಿತ್ತು. ಮಧ್ಯಾಹ್ನ ಬಸಳೆ ಸಾರು ಮಾಡಿದೆ.