ಎಡಿಟರಿನೊಳಗಿನ ಗಂಡ, ಶೆಲ್ಲಿನ ಹೆಂಡತಿ

ಗಂಡ ಹೆಂಡತಿ ಇಬ್ಬರೂ ಪ್ರೋಗ್ರಾಮರುಗಳಾದ ಮನೆಯ ಜಗಳ ಹೊರಗಿನವರಿಗೆ ಅರ್ಥವಾಗುವುದಿಲ್ಲ. ನಾದಿನಿ ಏನೋ ಅಂದಳು, ಸಾರಿಗೆ ಉಪ್ಪು ಜಾಸ್ತಿಯಾಯಿತು ಅಂತ ಜಗಳವಾಡಿದರೆ ಬುದ್ಧಿ ಹೇಳುವುದಕ್ಕೆ ನಾವಿರುವ ಈ ಮನ್ರೋ ಊರಿನಲ್ಲೇ ನೂರು ಜನ ಸಿಗುತ್ತಾರೆ. ನಮ್ಮ ಜಗಳದ ವಿಷಯ ಕೇಳಿದವರು ಮಾತ್ರ ಕಾಫಿ ಲೋಟ ಕೆಳಗಿಟ್ಟು ಕಾರಿನ ಕೀ ಹುಡುಕುತ್ತಾರೆ. ವಿಷಯ ಇಷ್ಟೇ. ನಾನು ಕಂಪ್ಯೂಟರಿನ ಕೆಲಸವನ್ನೆಲ್ಲ ನನ್ನ ಎಡಿಟರಿನ ಒಳಗೇ ಕೂತು ಮಾಡುತ್ತೇನೆ. ಎಡಿಟರ್ ಅಂದರೆ ಪತ್ರಿಕೆಯ ಸಂಪಾದಕನಲ್ಲ, ಅಕ್ಷರ ಟೈಪ್ ಮಾಡುವ ಪ್ರೋಗ್ರಾಂ. ನನ್ನದು ಬಹಳ ಹಳೆಯದು, ನನ್ನ ಹಾಗೆ. ಫೈಲ್ ಹುಡುಕುವುದು, ಹೆಸರು ಬದಲಿಸುವುದು, ಅಳಿಸುವುದು, ಎಲ್ಲಕ್ಕೂ ಅದರಲ್ಲೇ ಆಜ್ಞೆಗಳಿವೆ. ನನ್ನ ಹೆಂಡತಿ ಸುಧಾ ಇದೇ ಕೆಲಸಗಳನ್ನು ಶೆಲ್ಲಿನಲ್ಲಿ ಮಾಡುತ್ತಾಳೆ. ಶೆಲ್ ಅಂದರೆ ಒಂದು ಕಪ್ಪು ಕಿಟಕಿ. ಅದರಲ್ಲಿ ಒಂದು ಸಾಲು ಬರೆದು ಎಂಟರ್ ಒತ್ತಿದರೆ ಸರಿ, ಹಿಂದೆ ಮುಂದೆ ಕೇಳದೆ ಕೆಲಸ ಮುಗಿಸಿ ಸುಮ್ಮನಾಗುತ್ತದೆ.

"ನೀವು ಹಾಲು ತರೋಕೂ ಆ ಎಡಿಟರ್ ಒಳಗಿಂದಲೇ ಹೋಗ್ತೀರಿ" ಅನ್ನುತ್ತಾಳೆ ಸುಧಾ. "ನಿನ್ನ ಶೆಲ್ಲಿಗೆ ಕಣ್ಣಿಲ್ಲ" ಅನ್ನುತ್ತೇನೆ ನಾನು. ನನ್ನ ಮಾತಿಗೆ ಆಧಾರವೂ ಇದೆ. ಹಿಂದೊಮ್ಮೆ ನಯಾಗರಾಕ್ಕೆ ಹೋಗಿ ಬಂದ ಮೇಲೆ ಮಸುಕಾದ ಫೋಟೋಗಳನ್ನಷ್ಟೇ ಅಳಿಸುತ್ತೇನೆಂದು ಕೂತವಳು, ಶೆಲ್ಲಿಗೆ 'ಎಲ್ಲವೂ' ಎಂದು ಅರ್ಥವಾಗುವ ಒಂದು ನಕ್ಷತ್ರ ಚಿಹ್ನೆಯ ಪಕ್ಕ ಬೇಡದ ಸ್ಪೇಸ್ ಒಂದನ್ನು ಬಿಟ್ಟು ಇಡೀ ಫೋಲ್ಡರನ್ನೇ ಅಳಿಸಿಬಿಟ್ಟಳು. ಶೆಲ್ "ನಿಜವಾಗಿಯೂ?" ಅಂತ ಒಂದು ಮಾತು ಕೇಳಲಿಲ್ಲ. "ಎಲ್ಲ ಫೋಟೋದಲ್ಲೂ ನೀವು ರೇನ್‌ಕೋಟ್ ಹಾಕ್ಕೊಂಡು ಕಣ್ಣು ಮುಚ್ಚಿದ್ರಿ, ಹೋಗ್ಲಿ ಬಿಡಿ" ಅಂದಳು. ನಾನು ಹೋಗಲು ಬಿಡಲಿಲ್ಲ. ಆ ಒಂದು ಸ್ಪೇಸನ್ನು ಆರು ವರ್ಷ ಜೋಪಾನವಾಗಿ ಕಾಪಾಡಿ, ಬೇಕಾದಾಗಲೆಲ್ಲ ತೆಗೆದು ತೋರಿಸುತ್ತಿದ್ದೆ.

ಹೀಗಿರುವಾಗ ನಮ್ಮ ಭಾನುವಾರದ ಕನ್ನಡ ತರಗತಿಯ ಪಾಟೀಲರು ಊರು ಬಿಡುವುದೆಂದಾಯಿತು. ಗದಗದ ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಇಲ್ಲಿ ಮಗಳ ಮನೆಯಲ್ಲಿದ್ದುಕೊಂಡು ನಮ್ಮ ಮಕ್ಕಳಿಗೆಲ್ಲ ಅಕ್ಷರ ತಿದ್ದಿಸಿದವರು. ಮಗಳ ಕೆಲಸ ಡಲ್ಲಾಸಿಗೆ ಬದಲಾಗಿತ್ತು. ಬೀಳ್ಕೊಡುಗೆಗೆ ಶಾಲು, ಹಣ್ಣಿನ ಬುಟ್ಟಿಯ ಬದಲು ಮಕ್ಕಳೇ ಬರೆದ ಒಂದು ಪುಸ್ತಿಕೆ ಕೊಡೋಣ ಅಂತ ತಾಯಂದಿರೆಲ್ಲ ನಿರ್ಧರಿಸಿದರು. ವಿಷಯ: "ನನಗೆ ಇಷ್ಟವಾದದ್ದು". ಟೈಪ್ ಮಾಡಿದ ಬರಹಗಳನ್ನು ಒಟ್ಟುಮಾಡಿ ಅಚ್ಚಿಗೆ ಕಳಿಸುವ ಹೊಣೆ ನನ್ನದು. ಅರ್ಧ ಮಕ್ಕಳು ಅಮ್ಮಂದಿರ ಸಲಹೆಯಂತೆ "ಪಾಟೀಲ ಸರ್" ಇಷ್ಟ ಅಂತ ಬರೆದಿದ್ದರು. ಉಳಿದವರು ಪ್ರಾಮಾಣಿಕರು, ತಮಗೆ ನಿಜವಾಗಿ ಇಷ್ಟವಾದದ್ದನ್ನು ಬರೆದಿದ್ದರು.

ಹಿಂದೆ ಒಮ್ಮೆ ಪಾಟೀಲರು ನನ್ನ ಹತ್ತಿರ, "ಈ ಸರ್ ಅನ್ನೂದು ನನಗ ಆಗಿಬರೂದಿಲ್ರಿ. ಪೊಲೀಸ್ ಠಾಣೆದಾಗ ಕುಂತಂಗ ಅನಸ್ತದ. ಮಾಸ್ತರ್ ಅಂದ್ರ ಸಾಕು" ಅಂದಿದ್ದರು. ಅದು ನೆನಪಾಗಿ, ಎಲ್ಲ ಬರಹಗಳಲ್ಲೂ "ಸರ್" ತೆಗೆದು "ಮಾಸ್ತರ್" ಹಾಕಬೇಕೆಂದು ಶನಿವಾರ ಬೆಳಿಗ್ಗೆ ಹೊಳೆಯಿತು. ಮಧ್ಯಾಹ್ನದೊಳಗೆ ಅಚ್ಚಿಗೆ ಹೋಗಬೇಕು.

"ಕೊಡಿ ಇಲ್ಲಿ, ಒಂದು ಸಾಲಿನ ಕೆಲಸ" ಅಂದಳು ಸುಧಾ. "ಮೊದಲು ಒಂದು ಕಾಪಿ ಇಟ್ಕೋತೀನಿ. ಆಮೇಲೆ, ಸರ್ ಅನ್ನೋದು ಬಿಡಿ ಪದವಾಗಿ ಇರೋ ಕಡೆ ಮಾತ್ರ ಬದಲಾಯಿಸು ಅಂತ ಹೇಳಿದ್ರೆ ಆಯ್ತು."

"ಮಕ್ಕಳ ಬರಹ, ಫೋಟೋ ಅಲ್ಲ" ಅಂದೆ. "ನನ್ನ ಎಡಿಟರ್ ಒಂದೊಂದನ್ನೂ ತೋರಿಸಿ ಕೇಳುತ್ತೆ. ನಾನು ಕಣ್ಣಾರೆ ನೋಡಿ ಬದಲಾಯಿಸ್ತೀನಿ." ಅವಳು ಅಡುಗೆಮನೆಗೆ ಹೋದಳು.

ಎಡಿಟರ್ ನಿಜವಾಗಿಯೂ ಕೇಳಿತು. ಬದಲಿಸಲೇ? ಹೌದು. ಬದಲಿಸಲೇ? ಹೌದು. ಮೂವತ್ತು ಸಲ ಹೌದೆಂದೆ. ಅಷ್ಟರಲ್ಲಿ ಅಡುಗೆಮನೆಯಿಂದ ಮದ್ದೂರು ವಡೆಯ ವಾಸನೆ ಬಂತು. ನನ್ನ ಎಡಿಟರಿನಲ್ಲಿ ಇನ್ನೊಂದು ಕೀ ಇದೆ, ಅದನ್ನು ಒತ್ತಿದರೆ ಉಳಿದದ್ದನ್ನೆಲ್ಲ ಕೇಳದೆ ಬದಲಿಸಿಬಿಡುತ್ತದೆ. ಒತ್ತಿದೆ. ಸೇವ್ ಮಾಡಿದೆ, ಅಚ್ಚಿಗೆ ಕಳಿಸಿದೆ, ವಡೆ ತಿಂದೆ. "ಎಲ್ಲ ನೋಡಿದ್ರಾ?" ಅಂದಳು. "ಪ್ರತಿಯೊಂದನ್ನೂ" ಅಂದೆ.

ಭಾನುವಾರ, ತರಗತಿ ನಡೆಯುವ ಶಾಲೆಯ ಕೆಫೆಟೇರಿಯಾದಲ್ಲಿ ಸಮಾರಂಭ. ಪುಸ್ತಿಕೆ ಎಲ್ಲರ ಕೈಗೂ ಬಂದಿತ್ತು, ಯಾರೂ ತೆರೆದಿರಲಿಲ್ಲ. ಮೊದಲು ಓದಲು ಎದ್ದವಳು ಎಂಟು ವರ್ಷದ ಅನನ್ಯಾ. ಪಾಟೀಲರ ಶಿಷ್ಯೆ, ಅಂದರೆ ಕಾಗದದ ಮೇಲೆ ಏನಿದೆಯೋ ಅದನ್ನೇ ಸ್ಪಷ್ಟವಾಗಿ ಓದುವವಳು. ಪಾಟೀಲರು ಮುಂದಿನ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದರು.

"ನನಗೆ ಡೈನೋಮಾಸ್ತರ್ ಅಂದರೆ ತುಂಬಾ ಇಷ್ಟ" ಎಂದು ಓದಿದಳು. "ಡೈನೋಮಾಸ್ತರ್ ತುಂಬಾ ಹಳೆಯದು. ಅದಕ್ಕೆ ದೊಡ್ಡ ದೊಡ್ಡ ಹಲ್ಲು ಇತ್ತು. ಈಗ ಅದು ಎಲ್ಲೂ ಇಲ್ಲ."

ಎಲ್ಲರೂ ಪುಸ್ತಿಕೆ ತೆರೆದರು. ನಾನೂ ಪುಟ ತಿರುಗಿಸಿದೆ. ರೋಹನ್ ಅಪ್ಪನ ಜೊತೆ ಮಾಸ್ತರ್ಕಸ್ ನೋಡಲು ಹೋಗಿದ್ದ. ಅಜ್ಜಿ ಅವನಿಗೆ ಬರ್ತ್‌ಡೇಗೆ ಮಾಸ್ತರ್ಪ್ರೈಸ್ ಕೊಟ್ಟಿದ್ದರು. ಇನ್ನೊಂದು ಪುಟದಲ್ಲಿ ಗಣೇಶನ ವಿಮಾಸ್ತರ್ಜನೆ ಸಾಂಗವಾಗಿ ನೆರವೇರಿತ್ತು. ಡೈನೋಸರ್, ಸರ್ಕಸ್, ಸರ್ಪ್ರೈಸ್, ವಿಸರ್ಜನೆ, ಎಲ್ಲದರ ಹೊಟ್ಟೆಯೊಳಗೂ ಒಬ್ಬೊಬ್ಬ ಸರ್ ಅಡಗಿದ್ದ, ನಾನು ಒಬ್ಬನನ್ನೂ ಬಿಟ್ಟಿರಲಿಲ್ಲ. ಪಕ್ಕದಲ್ಲಿ ಸುಧಾ ಪುಸ್ತಿಕೆಯನ್ನು ಮುಖಕ್ಕೆ ಅಡ್ಡ ಹಿಡಿದಿದ್ದಳು. ಅವಳ ಭುಜ ಕುಲುಕುತ್ತಿತ್ತು.

ತಪ್ಪು ನನ್ನದೆಂದು ನಾನೇ ಎದ್ದು ಹೇಳಿದೆ. ವಡೆಯ ವಿಷಯವನ್ನೂ ಹೇಳಿದೆ, ಯಾಕೆಂದರೆ ಸುಧಾ ನನ್ನನ್ನೇ ನೋಡುತ್ತಿದ್ದಳು. ಪಾಟೀಲರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಅಳುತ್ತಿದ್ದಾರೆಂದುಕೊಂಡೆ. ಆಮೇಲೆ ನೋಡಿದರೆ ಅವರು ನಗುತ್ತಿದ್ದರು. "ಸಾಲಿ ಹುಡುಗೂರು ನನಗ ಹಿಂದಿಂದ ಏನೇನೋ ಹೆಸರಿಟ್ಟಾರ. ಇಷ್ಟು ಚಂದದ್ದು ಯಾರೂ ಇಟ್ಟಿಲ್ಲ" ಅಂದರು. ಅನನ್ಯಾಳ ಕಡೆ ತಿರುಗಿ, "ಎಲ್ಲಾ ಖರೇನ ಬರದಿ, ತಂಗಿ. ಹಲ್ಲು ಸುದ್ಧಾ ಹೋಗ್ಯಾವ" ಅಂದರು. ಅವಳು ಇಂಗ್ಲಿಷಿನಲ್ಲಿ, ನಾನು ಹಾಗೆ ಬರೆದೇ ಇರಲಿಲ್ಲ, ಅಂಕಲ್ ಕೆಡಿಸಿದರು ಎಂದು ನನ್ನನ್ನು ತೋರಿಸಿದಳು. ಉಳಿದದ್ದನ್ನೆಲ್ಲ ತಿದ್ದಿ ಮತ್ತೊಂದು ಪ್ರತಿ ಡಲ್ಲಾಸಿಗೆ ಕಳಿಸುತ್ತೇನೆಂದು ಮಾತು ಕೊಟ್ಟೆ. "ತಿದ್ದ್ರಿ, ಆದ್ರ ಆಕಿದು ಮಾತ್ರ ಹಂಗೇ ಇರ್ಲಿ" ಅಂದರು.

ಸೋಮವಾರ ಸಂಜೆ ಸುಧಾ ಒಂದು ಚೀಟಿಯಲ್ಲಿ ತಾನು ಶನಿವಾರ ಹೇಳಿದ್ದ ಶೆಲ್ಲಿನ ಆ ಒಂದು ಸಾಲನ್ನು ಬರೆದುಕೊಟ್ಟಳು. ಮಕ್ಕಳು ಕಳಿಸಿದ್ದ ಮೂಲ ಬರಹಗಳನ್ನು ಮತ್ತೆ ತೆಗೆದಿಟ್ಟುಕೊಂಡು, ನಾನು ಕೂತು ಆ ಸಾಲನ್ನು ಅಕ್ಷರ ಅಕ್ಷರವಾಗಿ ಟೈಪ್ ಮಾಡಿದೆ. ಬಾಗಿಲಿನಿಂದ ಇಣುಕಿದವಳು ಪರದೆ ಕಪ್ಪಗಿರುವುದನ್ನು ಕಂಡು, "ಅಂತೂ ಎಡಿಟರಿಂದ ಹೊರಗೆ ಬಂದ್ರಿ" ಎಂದು ನನ್ನ ಬೆನ್ನು ತಟ್ಟಿ, ತಾನಾಗಿಯೇ ಕಾಫಿ ಮಾಡಲು ಹೋದಳು. ನನ್ನ ಎಡಿಟರಿನ ಒಳಗೇ ಒಂದು ಶೆಲ್ ತೆರೆಯುವ ಆಜ್ಞೆಯೂ ಇದೆ, ನಾನು ಕೂತಿರುವುದು ಅದರಲ್ಲೇ ಎಂದು ಕಾಫಿ ಕುಡಿದ ಮೇಲೆ ಹೇಳೋಣವೆಂದುಕೊಂಡೆ. ಕಾಫಿ ಚೆನ್ನಾಗಿತ್ತು. ಇದುವರೆಗೂ ಹೇಳಿಲ್ಲ.